ಒಮ್ಮೆ ಸರಿ, ಒಮ್ಮೆ ಮಿಸ್: ಹಳೆಯ ಪೆಟ್ರೋಲ್ ಕಾರಿನ ದೋಷ ಹುಡುಕುವ ಬಗೆ

ಮಾರುತಿ 800, ಓಮ್ನಿ, ಝೆನ್, ಪದ್ಮಿನಿ, ಅಂಬಾಸಡರ್. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಇವು ಇನ್ನೂ ಕಣ್ಣಿಗೆ ಬೀಳುವ ಗಾಡಿಗಳು. ಪೂರ್ತಿ ಕೆಟ್ಟು ನಿಂತ ಗಾಡಿಯ ದೋಷ ಹುಡುಕುವುದು ಅಷ್ಟು ಕಷ್ಟವಲ್ಲ. ಕಷ್ಟ ಕೊಡುವುದು ಬಂದು ಹೋಗುವ ಮಿಸ್ಸಿಂಗ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಎಂಜಿನ್ ಏಟು ತಪ್ಪುವುದು. ಸಿರುಗುಪ್ಪದಿಂದ ಸಲೀಸಾಗಿ ಬಂದ ಗಾಡಿ ಬಳ್ಳಾರಿ ಊರೊಳಗೆ ಹೊಕ್ಕ ಕೂಡಲೇ ನಡುಗುತ್ತದೆ. ಅದನ್ನೇ ಗ್ಯಾರೇಜಿನ ಮುಂದೆ ನಿಲ್ಲಿಸಿದರೆ ಮತ್ತೆ ಸರಿಯಾಗಿ ತಿರುಗುತ್ತದೆ. ಮಾಲೀಕ ಕಿಡಿ ಹಾರಿಸುವ ಪ್ಲಗ್ ಹಾಕಿಸುತ್ತಾನೆ, ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್ ಹಾಕಿಸುತ್ತಾನೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿಸುತ್ತಾನೆ. ಹದಿನೈದು ದಿನ ಕಳೆದರೆ ಅದೇ ನಡುಕ.

ಇಂಥ ದೋಷಕ್ಕೆ ಊಹೆಯ ಮೇಲೆ ಸಾಮಾನು ಬದಲಿಸಬಾರದು. ಮಿಸ್ ಯಾವಾಗ ಬರುತ್ತದೆ ಎಂಬುದನ್ನು ಸರಿಯಾಗಿ ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ಈ ಕೈಪಿಡಿಯ ವಿಭಾಗಗಳು ಆ ‘ಯಾವಾಗ’ದ ಮೇಲೆಯೇ ನಿಂತಿವೆ. ನಿಮ್ಮ ಗಾಡಿಗೆ ಹೊಂದುವ ಲಕ್ಷಣದಿಂದ ಶುರು ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯದೆ, ದೋಷ ಮರಳಿದಾಗ ಮೊದಲಿನಿಂದ ಹುಡುಕಬೇಕಾಗುತ್ತದೆ.

ಬಾನೆಟ್ ಎತ್ತುವ ಮೊದಲು

ಒಂದು ಸಣ್ಣ ನೋಟ್‌ಬುಕ್ ಗಾಡಿಯಲ್ಲೇ ಇಡಿ. ಮಿಸ್ ಬಂದಾಗಲೆಲ್ಲ ಇಷ್ಟು ಬರೆದಿಡಿ: ಎಂಜಿನ್ ತಣ್ಣಗಿತ್ತೋ, ಕಾಯ್ದಿತ್ತೋ. ನಿಂತಿದ್ದಾಗ ಬಂತೋ, ಓಡುವಾಗಲೋ, ಏರು ಹತ್ತುವಾಗಲೋ. ಮಳೆ, ಇಬ್ಬನಿ, ವಾಟರ್ ವಾಶ್ ಆಗಿತ್ತೋ. ಗುಂಡಿಗೆ ಬಿದ್ದಾಗಲೋ, ತಿರುವಿನಲ್ಲೋ. ಪೆಟ್ರೋಲ್ ಹಾಕಿಸಿ ಎಷ್ಟು ಕಿಲೋಮೀಟರ್ ಆಗಿತ್ತು, ಟ್ಯಾಂಕ್ ತುಂಬಿತ್ತೋ, ರಿಸರ್ವ್‌ನಲ್ಲಿತ್ತೋ. ಇಂಥ ಐದಾರು ಸಲದ ಬರಹ ಒಂದೇ ಕಡೆ ಬೆರಳು ತೋರಿಸಲು ಶುರು ಮಾಡುತ್ತದೆ.

ಮಿಸ್ ಹೇಗೆ ಬರುತ್ತದೆ ಎಂಬುದನ್ನೂ ಗಮನಿಸಿ. ಸ್ವಿಚ್ ಆರಿಸಿ ಹಾಕಿದಂತೆ ಫಟ್ಟನೆ ಹೋಗಿ ಫಟ್ಟನೆ ಬಂದರೆ ಅದು ಹೆಚ್ಚಾಗಿ ಕರೆಂಟಿನ ದೋಷ. ಉಸಿರು ಕಟ್ಟುತ್ತಾ ಬಂದು, ಪಿಕಪ್ ಮೆಲ್ಲಗೆ ಸತ್ತು, ಆಕ್ಸಿಲರೇಟರ್ ಬಿಟ್ಟ ಮೇಲೆ ಚೇತರಿಸಿದರೆ ಅದು ಹೆಚ್ಚಾಗಿ ಪೆಟ್ರೋಲಿನ ದೋಷ. ಆರ್‌ಪಿಎಂ ಮುಳ್ಳು ಇರುವ ಗಾಡಿಯಲ್ಲಿ ಇನ್ನೂ ಒಂದು ಗುರುತಿದೆ. ಗಾಡಿ ಗೇರಿನಲ್ಲಿ ಓಡುತ್ತಿರುವಾಗಲೇ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದೆದ್ದರೆ ಕಾಯಿಲ್‌ಗೆ ಹೋಗುವ ವೈರಿಂಗ್, ಇಗ್ನಿಷನ್ ಸ್ವಿಚ್ ಅಥವಾ ಕಿಡಿಯ ಹೊತ್ತು ತಿಳಿಸುವ ಪಿಕಪ್ ಸೆನ್ಸರ್ ಮೇಲೆ ಸಂಶಯ ಇಡಿ. ಮುಳ್ಳು ಮೆಲ್ಲಗೆ ಇಳಿದರೆ ಪೆಟ್ರೋಲ್ ಕಡೆ ನೋಡಿ.

ಸೈಲೆನ್ಸರ್ ಹಿಂದೆ ನಿಂತು ಕೇಳಿ. ಲಯ ತಪ್ಪದೆ, ಒಂದೇ ಅಂತರದಲ್ಲಿ ಒಂದು ಏಟು ಬಿಟ್ಟುಹೋಗುತ್ತಿದ್ದರೆ ದೋಷ ಒಂದು ಸಿಲಿಂಡರಿನದು: ಅದರ ಪ್ಲಗ್, ಅದರ ವೈರ್, ಅದರ ವಾಲ್ವ್. ಅಡ್ಡಾದಿಡ್ಡಿ ಬಿಟ್ಟರೆ ಎಲ್ಲ ಸಿಲಿಂಡರಿಗೂ ಸೇರಿದ್ದು: ಕಾಯಿಲ್, ಕಿಡಿಯನ್ನು ಸಿಲಿಂಡರುಗಳಿಗೆ ಸರದಿಯಲ್ಲಿ ಹಂಚುವ ರೋಟರ್, ಪೆಟ್ರೋಲ್, ಗಾಳಿ ಸೋರಿಕೆ. ಈ ಒಂದು ವಿಂಗಡಣೆಯಿಂದ ಬೇಡದ ಖರ್ಚು ಬಹಳ ಉಳಿಯುತ್ತದೆ.

ನಡುಕವೆಲ್ಲ ಮಿಸ್ಸಿಂಗ್ ಅಲ್ಲ ಎಂಬುದೂ ನೆನಪಿರಲಿ. ಎಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್ ಹರಿದರೂ ಗಾಡಿ ಅಲುಗುತ್ತದೆ, ಆದರೆ ಸೈಲೆನ್ಸರ್ ಸದ್ದು ಸಮವಾಗಿಯೇ ಇರುತ್ತದೆ. ಮೂರು ಸಿಲಿಂಡರಿನ 800 ಮತ್ತು ಓಮ್ನಿಗಳಲ್ಲಿ ಹೊಸದಿದ್ದಾಗಲೂ ಸ್ವಲ್ಪ ಅದುರು ಇದ್ದೇ ಇರುತ್ತದೆ. ಅದನ್ನು ದೋಷ ಎಂದುಕೊಂಡು ಕಾರ್ಬೊರೇಟರ್ ಸ್ಕ್ರೂ ತಿರುಗಿಸಬೇಡಿ.

ಜೋಪಾನ

ಪ್ಲಗ್ ವೈರಿನಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ. ಎಂಜಿನ್ ಓಡುವಾಗ ಅದನ್ನು ಬರಿಗೈಯಲ್ಲಾಗಲಿ, ಬಟ್ಟೆ ಸುತ್ತಿಯಾಗಲಿ ಎಳೆಯಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಓಡುವ ಎಂಜಿನ್ ಹತ್ತಿರ ಬಗ್ಗುವುದೇ ಬೇಡ. ವೈರ್ ಕಳಚಿ ಹಾಗೇ ನೇತುಬಿಟ್ಟು ಎಂಜಿನ್ ತಿರುಗಿಸಬೇಡಿ. ಕಿಡಿಗೆ ದಾರಿ ಸಿಗದೆ ಕಾಯಿಲ್ ಒಳಗೇ ಸುಡಬಹುದು, ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಮಾಡ್ಯೂಲೂ ಹೋಗಬಹುದು. ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಕೆಲಸ ಮಾಡಿ. ಟವೆಲ್, ಸೀರೆ ಸೆರಗು, ದುಪಟ್ಟಾ ಫ್ಯಾನ್ ಹತ್ತಿರ ಹೋಗದಂತೆ ಕಟ್ಟಿಕೊಳ್ಳಿ. ಎಲೆಕ್ಟ್ರಿಕ್ ಫ್ಯಾನ್ ಇರುವ ಗಾಡಿಯಲ್ಲಿ ಎಂಜಿನ್ ಬಂದ್ ಮಾಡಿದ ಮೇಲೂ ಅದು ತಾನಾಗಿ ತಿರುಗಬಹುದು. ಬಾಗಿಲು ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಬೇಡಿ, ಸೈಲೆನ್ಸರ್ ಹೊಗೆಯ ವಿಷಕ್ಕೆ ವಾಸನೆಯಿಲ್ಲ. ಕಾಯ್ದ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಪೈಪಿನಿಂದ ಪೆಟ್ರೋಲನ್ನು ಬಾಯಲ್ಲಿ ಎಳೆಯುವ ರೂಢಿ ಬಿಟ್ಟುಬಿಡಿ, ಶ್ವಾಸಕೋಶಕ್ಕೆ ಒಂದು ಗುಟುಕು ಹೋದರೂ ಜೀವಕ್ಕೆ ಅಪಾಯ.

ನಮ್ಮ ಕಡೆಗೇ ಸೇರಿದ ಇನ್ನೊಂದು ಎಚ್ಚರಿಕೆ ಇದೆ. ಮಿಸ್ ಹೊಡೆಯುವ ಎಂಜಿನ್ನಿನ ಸುಡದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ಉರಿಯುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ಹೊಗೆಯ ವಿಷ ತಗ್ಗಿಸುವ ಡಬ್ಬಿ) ಇರುವ ಗಾಡಿಯಲ್ಲಿ ಆ ಡಬ್ಬಿ ಕೆಂಪಗೆ ಕಾಯುವಷ್ಟು ಬಿಸಿಯಾಗುತ್ತದೆ. ಸುಗ್ಗಿಯಲ್ಲಿ ಒಕ್ಕಣೆಗೆಂದು ರಸ್ತೆಗೆ ಹಾಸಿದ ಬೆಳೆಯ ಮೇಲೆ, ಒಣ ಹುಲ್ಲಿನ ಮೇಲೆ, ಬಣವೆ ಪಕ್ಕದಲ್ಲಿ ಇಂಥ ಗಾಡಿ ನಿಲ್ಲಿಸಿದರೆ ಬೆಂಕಿ ಹೊತ್ತುವುದು ಖಂಡಿತ ಸಾಧ್ಯ.

ಬೆಳಿಗ್ಗೆ ನಡುಗುತ್ತದೆ, ಕಾಯ್ದ ಮೇಲೆ ಸರಿಹೋಗುತ್ತದೆ

ಚಳಿಗಾಲದ ಬೆಳಗು, ಮಳೆ, ವಾಟರ್ ವಾಶ್ ಆದ ಮಾರನೆಯ ದಿನ ಬರುವ ಮಿಸ್‌ಗೆ ಮೊದಲ ಆರೋಪಿ ತೇವ. ಸಿಂಧನೂರು, ಗಂಗಾವತಿ, ಕಾರಟಗಿಯ ಗದ್ದೆ ಬಯಲಿನಲ್ಲಿ ಹೊರಗೆ ನಿಲ್ಲಿಸಿದ ಗಾಡಿಯ ಬಾನೆಟ್ ಒಳಗೂ ಇಬ್ಬನಿ ಕೂರುತ್ತದೆ. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು, ಗಿಣಿಗೇರಿ ಕಡೆಯ ಕಪ್ಪು ಧೂಳು ಪ್ಲಗ್ ವೈರ್ ಮೇಲೂ, ರೋಟರನ್ನು ಮುಚ್ಚಿರುವ ಡಿಸ್ಟ್ರಿಬ್ಯೂಟರ್ ಕ್ಯಾಪ್ ಮೇಲೂ ಕೂತಿರುತ್ತದೆ. ಒಣಗಿರುವಾಗ ಅದು ಏನೂ ಮಾಡದು. ತೇವ ಸೇರಿತೆಂದರೆ ಕಿಡಿ ಪ್ಲಗ್‌ಗೆ ಹೋಗುವ ಬದಲು ಆ ಕೊಳೆಯ ಮೇಲೆ ಹರಿದು ಗಾಡಿಯ ಲೋಹದ ಮೈಗೆ ಇಳಿಯುತ್ತದೆ.

ಎಂಜಿನ್ ಬಂದ್ ಮಾಡಿ, ಒಣ ಬಟ್ಟೆಯಿಂದ ಕಾಯಿಲ್ ತುದಿ, ವೈರುಗಳು, ಕ್ಯಾಪ್‌ನ ಹೊರಮೈ ಎಲ್ಲ ಒರೆಸಿ. ಕ್ಯಾಪ್ ಬಿಚ್ಚಿ ಒಳಗೆ ನೋಡಿ. ಪೆನ್ಸಿಲ್ ಗೀಟಿನಂತೆ ಕಪ್ಪು ಗೆರೆ ಕಂಡರೆ ಕಿಡಿ ಅಲ್ಲಿ ದಾರಿ ಮಾಡಿಕೊಂಡಿದೆ. ಅದನ್ನು ಉಜ್ಜಿ ತೆಗೆದರೂ ಮರಳುತ್ತದೆ, ಕ್ಯಾಪ್ ಬದಲಿಸುವುದೇ ಸರಿ. ನಡುವಿನ ಕಾರ್ಬನ್ ಗುಂಡಿ ಒತ್ತಿದರೆ ಒಳಗೆ ಹೋಗಿ ಸ್ಪ್ರಿಂಗ್‌ನಿಂದ ಹಿಂದೆ ಬರಬೇಕು. ರೋಟರ್ ತುದಿ ಸುಟ್ಟು ಸವೆದಿದ್ದರೆ ಕ್ಯಾಪ್ ಜೊತೆಯಲ್ಲೇ ಅದನ್ನೂ ಹಾಕಿ. ಅಗ್ಗದ ಸಾಮಾನು, ಒಂದು ಹೊಸದು ಒಂದು ಹಳೆಯದು ಇಡುವುದರಲ್ಲಿ ಲಾಭವಿಲ್ಲ.

ಮತ್ತೆ ಜೋಡಿಸಿ, ಕತ್ತಲಾದ ಮೇಲೆ ಬಯಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿ, ದೂರದಿಂದಲೇ ನೋಡಿ. ವೈರ್ ಗುಂಟ ನೀಲಿ ಮಿಣುಕು ಕಂಡರೆ, ಚಟ್‌ಚಟ್ ಸದ್ದು ಕೇಳಿದರೆ ಆ ವೈರ್ ಒಡೆದಿದೆ. ಮಲ್ಟಿಮೀಟರ್ ಇದ್ದರೆ ವೈರ್ ಕಳಚಿ ತುದಿಯಿಂದ ತುದಿಗೆ ಅಳೆಯಿರಿ. ಕಾರ್ಬನ್ ವೈರ್ ಆದರೆ ಉದ್ದಕ್ಕೆ ತಕ್ಕಂತೆ ಕೆಲವು ಸಾವಿರ ಓಮ್ ಇರುತ್ತದೆ. ಒಂದು ಅಡಿ ಉದ್ದದ ವೈರ್ 20 ಕಿಲೋ ಓಮ್ ದಾಟಿದರೆ, ಅಥವಾ ಬಗ್ಗಿಸಿದಾಗ ಅಂಕಿ ಜಿಗಿದಾಡಿದರೆ ಅದು ಸತ್ತ ಹಾಗೆ.

ಭತ್ತದ ಸೀಮೆಯಲ್ಲಿ ಇಲಿಯನ್ನು ಮರೆಯಬೇಡಿ. ರಾತ್ರಿ ಬಿಸಿ ಎಂಜಿನ್ ಮೇಲೆ ಬೆಚ್ಚಗೆ ಕೂತು ವೈರಿನ ಹೊದಿಕೆ, ವ್ಯಾಕ್ಯೂಮ್ ಪೈಪ್ ಕಡಿಯುತ್ತವೆ. ಏರ್ ಫಿಲ್ಟರ್ ಡಬ್ಬಿಯೊಳಗೆ ಹೊಟ್ಟು, ಹುಲ್ಲು ಒಟ್ಟುತ್ತವೆ. ಎಂಜಿನ್ ಮೇಲೆ ಹಿಕ್ಕೆ ಕಂಡಿತೆಂದರೆ ಪ್ರತಿ ವೈರನ್ನೂ ಕೆಳಭಾಗದವರೆಗೆ ಬೆರಳಾಡಿಸಿ ನೋಡಿ. ಕಡಿತ ಹೆಚ್ಚಾಗಿ ಕಣ್ಣಿಗೆ ಕಾಣದ ಬದಿಯಲ್ಲೇ ಇರುತ್ತದೆ. ಹಾಗೆ ಕಡಿದ ಪ್ಲಗ್ ವೈರಿಗೆ ಟೇಪ್ ಸುತ್ತಿ ಮುಂದುವರಿಯಬೇಡಿ, ಆ ವೋಲ್ಟೇಜನ್ನು ಟೇಪ್ ತಡೆಯುವುದಿಲ್ಲ.

ತೇವವೇ ಇಲ್ಲದ ಬೇಸಿಗೆಯಲ್ಲೂ ಮೊದಲ ಐದು ನಿಮಿಷ ನಡುಗಿದರೆ ಚೋಕ್ ನೋಡಿ. ಚೋಕ್ ಎಳೆದಾಗ ಕಾರ್ಬೊರೇಟರ್ ಬಾಯಿಯ ಮುಚ್ಚಳ ಪೂರ್ತಿ ಮುಚ್ಚಬೇಕು, ಬಿಟ್ಟಾಗ ನೆಟ್ಟಗೆ ನಿಲ್ಲಬೇಕು. ಕೇಬಲ್ ಸಡಿಲಾದರೆ ಅರ್ಧಕ್ಕೇ ನಿಲ್ಲುತ್ತದೆ. ಮುಚ್ಚಿಯೇ ಉಳಿದರೆ ತದ್ವಿರುದ್ಧ ಲಕ್ಷಣ: ಕಾಯ್ದ ಮೇಲೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮಸಿ ಹಿಡಿದ ಪ್ಲಗ್.

ಕಾಯ್ದ ಮೇಲೆ ಮಿಸ್, ಅರ್ಧ ಗಂಟೆ ನಿಲ್ಲಿಸಿದರೆ ಸರಿ

ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಬಾನೆಟ್ ಒಳಗಿನ ಶಾಖ ಅದಕ್ಕಿಂತ ಎಷ್ಟೋ ಹೆಚ್ಚು. ಇಲ್ಲಿನ ಹಳೆಯ ಗಾಡಿಗಳ ನಿಜವಾದ ತಲೆನೋವು ಇದೇ, ತಪ್ಪು ರಿಪೇರಿ ಹೆಚ್ಚು ನಡೆಯುವುದೂ ಇಲ್ಲೇ. ಏಕೆಂದರೆ ಶಾಖದಿಂದ ಕಿಡಿಯೂ ಕೆಡಬಹುದು, ಪೆಟ್ರೋಲೂ ಕೆಡಬಹುದು, ಎರಡರ ಲಕ್ಷಣವೂ ಮೇಲ್ನೋಟಕ್ಕೆ ಒಂದೇ. ದೋಷ ಇರುವಾಗಲೇ, ಆ ಹತ್ತು ನಿಮಿಷದೊಳಗೆ ಪರೀಕ್ಷೆ ಮಾಡಬೇಕು. ಆರಿದ ಮೇಲೆ ಮಾಡಿದರೆ ಎಲ್ಲವೂ ಸರಿ ಎಂದೇ ತೋರಿಸುತ್ತದೆ.

ಮೊದಲು ಕಿಡಿ. ಒಂದು ಹೆಚ್ಚುವರಿ ಪ್ಲಗ್ ಯಾವಾಗಲೂ ಡಿಕ್ಕಿಯಲ್ಲಿರಲಿ, ಜೊತೆಗೆ ಎರಡು ತುದಿಗೂ ಕ್ಲಿಪ್ ಇರುವ ಒಂದು ಮೊಳ ವೈರ್. ಎಂಜಿನ್ ಬಂದ್ ಇರುವಾಗ ಒಂದು ಪ್ಲಗ್ ವೈರ್ ಕಳಚಿ ಈ ಪ್ಲಗ್‌ಗೆ ಸಿಕ್ಕಿಸಿ, ಪ್ಲಗ್‌ನ ಲೋಹದ ಮೈಯನ್ನು ಕ್ಲಿಪ್ ವೈರಿನಿಂದ ಎಂಜಿನ್ನಿನ ಲೋಹಕ್ಕೆ ಗಟ್ಟಿಯಾಗಿ ಜೋಡಿಸಿ. ಪೆಟ್ರೋಲ್ ಪೈಪಿನಿಂದ ದೂರ ಇಡಿ. ಹೊರಗೆ ಪೆಟ್ರೋಲ್ ವಾಸನೆ ಇದ್ದರೆ ಈ ಪರೀಕ್ಷೆ ಬೇಡವೇ ಬೇಡ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ, ನೀವು ನೆರಳು ಮಾಡಿ ನೋಡಿ. ನೀಲಿ ಬಣ್ಣದ, ಚಟ್ಟನೆ ಸದ್ದು ಮಾಡುವ, ಬಿಡದೆ ಬರುವ ಕಿಡಿ ಸರಿ. ಹಳದಿ, ತೆಳ್ಳನೆ, ಬಿಟ್ಟು ಬಿಟ್ಟು ಬರುವ ಕಿಡಿಯಾದರೆ ಕಾಯಿಲ್, ಪಾಯಿಂಟ್ (ಕಾಯಿಲ್ ಕರೆಂಟನ್ನು ಕಡಿದು ಕೂಡಿಸುವ ಸ್ವಿಚ್), ಆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್, ಇಲ್ಲವೇ ಎಲೆಕ್ಟ್ರಾನಿಕ್ ಇಗ್ನಿಷನ್‌ನಲ್ಲಿ ಪಾಯಿಂಟ್ ಕೆಲಸ ಮಾಡುವ ಇಗ್ನೈಟರ್ ಕಡೆಗೆ ಹೋಗಿ.

ಪಾಯಿಂಟ್ ಇರುವ ಗಾಡಿಯಲ್ಲಿ ಕಂಡೆನ್ಸರ್ ಬಹಳ ಸಲ ಕಾಯ್ದಾಗ ಮಾತ್ರ ಕೈಕೊಡುತ್ತದೆ. ಪಾಯಿಂಟ್ ಮೇಲೆ ಒಂದು ಬದಿ ಗುಳಿ, ಎದುರು ಬದಿ ಗುಡ್ಡೆ ಎದ್ದಿದ್ದರೆ, ತೆರೆಯುವಾಗ ದೊಡ್ಡ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಹೋಗಿದೆ. ಪಾಯಿಂಟ್ ಗ್ಯಾಪ್ ಅಂಬಾಸಡರ್‌ನಲ್ಲಿ 0.35ರಿಂದ 0.40 ಮಿಲಿಮೀಟರ್. ಬೇರೆ ಗಾಡಿಗೆ ಅದರ ಕೈಪಿಡಿಯ ಅಳತೆಯನ್ನೇ ಹಿಡಿಯಿರಿ, ಅಂದಾಜಿಗೆ ಇಡಬೇಡಿ. ಕಾಯಿಲ್ ಸಂಶಯ ಇದ್ದರೆ ಕಾಯ್ದಾಗಲೊಮ್ಮೆ, ಆರಿದಾಗಲೊಮ್ಮೆ ಓಮ್ ಅಳೆಯಿರಿ. ಬ್ಯಾಲಾಸ್ಟ್ (ಕರೆಂಟ್ ತಗ್ಗಿಸುವ ರೆಸಿಸ್ಟರ್) ಇಲ್ಲದ ಸಾದಾ ಕಾಯಿಲ್‌ನ ಪ್ರೈಮರಿ (ಎರಡು ಸಣ್ಣ ವೈರಿನ ನಡುವಿನ ಸುರುಳಿ) ಸುಮಾರು 3 ಓಮ್, ಬ್ಯಾಲಾಸ್ಟ್ ಜೊತೆಯದು ಸುಮಾರು 1.5. ಸೆಕೆಂಡರಿ (ಕಿಡಿಯ ಕಡೆಯ ಸುರುಳಿ) ಕೆಲವು ಸಾವಿರದಿಂದ ಹದಿನೈದು ಸಾವಿರ ಓಮ್‌ವರೆಗೆ. ಕಾಯ್ದಾಗ ಸೆಕೆಂಡರಿ ಅಂಕಿ ಕಾಣೆಯಾದರೆ ಒಳಗಿನ ತಂತಿ ಬಿಸಿಗೆ ಬಿಟ್ಟುಕೊಳ್ಳುತ್ತಿದೆ. ಆದರೆ ಅಂಕಿ ಸರಿ ಬಂದ ಮಾತ್ರಕ್ಕೆ ಕಾಯಿಲ್ ಸರಿ ಎನ್ನಲಾಗದು. ಒಳಗಿನ ಇನ್ಸುಲೇಷನ್ ಸೋರಿಕೆ ಮೀಟರಿನ ಒಂಬತ್ತು ವೋಲ್ಟಿಗೆ ಸಿಗುವುದಿಲ್ಲ. ಗೊತ್ತಿದ್ದ ಒಳ್ಳೆಯ ಕಾಯಿಲ್ ಒಂದನ್ನು ಎರಡು ದಿನ ಎರವಲು ತಂದು ಹಾಕಿ ಓಡಿಸಿ ನೋಡುವುದೇ ಖಚಿತ ಪರೀಕ್ಷೆ.

ಕಿಡಿ ಗಟ್ಟಿ ಇದ್ದೂ ಗಾಡಿ ಓಡದಿದ್ದರೆ ಪೆಟ್ರೋಲ್. ಕಾರ್ಬೊರೇಟರ್ ಗಾಡಿಗಳ ಪಂಪ್ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಪೆಟ್ರೋಲ್ 40 ಡಿಗ್ರಿ ಆಸುಪಾಸಿನಲ್ಲೇ ಆವಿಯಾಗಲು ಶುರು. ಊರೊಳಗಿನ ನಿಧಾನ ಸಂಚಾರದಲ್ಲಿ, ಅಥವಾ ಬಂಕ್‌ನಲ್ಲಿ ಹತ್ತು ನಿಮಿಷ ಬಂದ್ ಮಾಡಿ ಮತ್ತೆ ಶುರು ಮಾಡಿದಾಗ, ಪಂಪ್‌ನಲ್ಲೂ ಪೈಪ್‌ನಲ್ಲೂ ಗುಳ್ಳೆ ತುಂಬಿ ಪೆಟ್ರೋಲ್ ಮುಂದಕ್ಕೆ ಹೋಗುವುದಿಲ್ಲ. ವೇಪರ್ ಲಾಕ್ ಎನ್ನುವುದು ಇದನ್ನೇ. ಒದ್ದೆ ಬಟ್ಟೆಯನ್ನು ಹಿಂಡಿ ಪಂಪ್ ಮೇಲೆ, ಪೈಪ್ ಮೇಲೆ ಐದು ನಿಮಿಷ ಹಾಕಿ. ಡಿಸ್ಟ್ರಿಬ್ಯೂಟರ್ ಮೇಲಾಗಲಿ, ಕಾಯ್ದ ಎಕ್ಸಾಸ್ಟ್ ಮೇಲಾಗಲಿ ನೀರು ಬೀಳಕೂಡದು. ಕೂಡಲೇ ಗಾಡಿ ಚೇತರಿಸಿದರೆ ರೋಗ ಸಿಕ್ಕಿತು.

ಆದರೆ ಒದ್ದೆ ಬಟ್ಟೆ ಚಿಕಿತ್ಸೆಯಲ್ಲ. ಹೊಸದಿದ್ದಾಗ ಇದೇ ಗಾಡಿ ಇದೇ ಬಿಸಿಲಲ್ಲಿ ಓಡಿದೆಯಲ್ಲ, ಈಗೇಕೆ ಹೀಗೆ ಎಂದು ಕೇಳಿಕೊಳ್ಳಿ. ಪಂಪ್ ಮತ್ತು ಕಾರ್ಬೊರೇಟರ್ ಕೆಳಗೆ ಶಾಖ ತಡೆಯಲು ದಪ್ಪ ಬೇಕಲೈಟ್ ತುಂಡು ಇರುತ್ತದೆ. ಹಿಂದಿನ ರಿಪೇರಿಯಲ್ಲಿ ಅದನ್ನು ಬಿಟ್ಟು ಬರೀ ಕಾಗದದ ಗ್ಯಾಸ್ಕೆಟ್ ಹಾಕಿರಬಹುದು. ಎಕ್ಸಾಸ್ಟ್ ಮೇಲಿನ ತಗಡು ತೆಗೆದು ಬಿಸಾಕಿರಬಹುದು. ಬದಲಿಸಿದ ರಬ್ಬರ್ ಪೈಪ್ ಎಕ್ಸಾಸ್ಟ್‌ಗೆ ತಾಗುವಂತೆ ಹಾದಿರಬಹುದು. ಅಥವಾ ರೇಡಿಯೇಟರ್ ಉಪ್ಪು ಕಟ್ಟಿ ಎಂಜಿನ್ನೇ ಮಿತಿಗಿಂತ ಬಿಸಿ ಓಡುತ್ತಿರಬಹುದು. ಬೋರ್‌ವೆಲ್ ಗಡಸು ನೀರು ಸುರಿಯುವ ರೂಢಿ ಇದ್ದಲ್ಲಿ ಇದು ಸಾಮಾನ್ಯ. ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದರೆ ಮಿಸ್ ಹುಡುಕುವುದನ್ನು ಅಲ್ಲಿಗೇ ಬಿಡಿ. ಎಂಜಿನ್ ಬಂದ್ ಮಾಡಿ, ಮೊದಲು ಕೂಲಿಂಗ್ ಸರಿಪಡಿಸಿ.

ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ) ಗಾಡಿಯಲ್ಲಿ ಪಂಪ್ ಟ್ಯಾಂಕ್ ಒಳಗಿರುತ್ತದೆ, ಪೈಪಿನಲ್ಲಿ 2.5ರಿಂದ 3 ಬಾರ್ ಒತ್ತಡ ಇರುತ್ತದೆ. ಹಾಗಾಗಿ ವೇಪರ್ ಲಾಕ್ ಅಪರೂಪ. ಅಲ್ಲಿ ಕಾಯ್ದಾಗ ಕೈಕೊಡುವುದು ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರ್, ಇಗ್ನಿಷನ್ ಕಾಯಿಲ್, ಸವೆದ ಪಂಪ್ ಮೋಟಾರ್. ಆ ಒತ್ತಡದ ಪೈಪನ್ನು ರಸ್ತೆ ಬದಿಯಲ್ಲಿ ಬಿಚ್ಚಬೇಡಿ. ಪಿಚಕಾರಿಯಂತೆ ಹಾರಿದ ಪೆಟ್ರೋಲ್ ಕಾಯ್ದ ಎಕ್ಸಾಸ್ಟ್ ಮೇಲೆ ಬಿದ್ದರೆ ಗಾಡಿಯೇ ಉಳಿಯುವುದಿಲ್ಲ.

ನಿಂತಾಗ ಮಾತ್ರ ನಡುಕ, ಓಡುವಾಗ ಸರಿ

ರೈಲ್ವೆ ಗೇಟಿನಲ್ಲಿ, ಸಿಗ್ನಲ್‌ನಲ್ಲಿ ನಡುಗಿ ಬಂದ್ ಆಗುವ ಗಾಡಿ ಹೈವೇಗೆ ಬಿದ್ದ ಕೂಡಲೇ ಸರಿಹೋದರೆ ಗಾಳಿ ಸೋರಿಕೆ ಅಥವಾ ಸ್ಲೋ ಜೆಟ್‌ನಲ್ಲಿ (ಎಂಜಿನ್ ಮೆಲ್ಲಗೆ ತಿರುಗುವಾಗ ಪೆಟ್ರೋಲ್ ಬಿಡುವ ಸಣ್ಣ ತೂತು) ಕಸ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ತಿರುಗುವಾಗ, ಎಂಜಿನ್ ಎಳೆದುಕೊಳ್ಳುವ ಗಾಳಿ ತೀರ ಕಡಿಮೆ. ಕಡ್ಡಿ ಗಾತ್ರದ ಬಿರುಕಿನಿಂದ ಬರುವ ಕಳ್ಳಗಾಳಿಯೂ ಮಿಶ್ರಣವನ್ನು ತೆಳುಮಾಡಿಬಿಡುತ್ತದೆ. ವೇಗದಲ್ಲಿ ಅಷ್ಟು ಗಾಳಿ ಲೆಕ್ಕಕ್ಕೇ ಬರುವುದಿಲ್ಲ.

ಎಂಜಿನ್ ಓಡುತ್ತಿರುವಾಗ ಪ್ರತಿ ವ್ಯಾಕ್ಯೂಮ್ ಪೈಪನ್ನು ಒಂದೊಂದಾಗಿ ಬೆರಳಿನಿಂದ ಚಿವುಟಿ ಹಿಡಿಯಿರಿ, ಬ್ರೇಕ್ ಬೂಸ್ಟರ್‌ಗೆ ಹೋಗುವ ದಪ್ಪ ಪೈಪನ್ನೂ ಸೇರಿಸಿ. ಯಾವುದನ್ನು ಹಿಡಿದಾಗ ನಡುಕ ನಿಲ್ಲುತ್ತದೋ ಅದರಾಚೆ ಸೋರಿಕೆ ಇದೆ. ರಬ್ಬರ್ ತುದಿಗಳು ಬಿಸಿಲಿಗೆ ಗಟ್ಟಿಯಾಗಿ ಬಿರಿಯುತ್ತವೆ. ತುದಿಯಲ್ಲಷ್ಟೇ ಬಿರುಕಿದ್ದು, ಉದ್ದ ಸಾಲುವಂತಿದ್ದರೆ ಒಂದು ಸೆಂಟಿಮೀಟರ್ ಕತ್ತರಿಸಿ ಮತ್ತೆ ಸಿಕ್ಕಿಸಿದರೂ ಆದೀತು. ಸೋರಿಕೆ ಹುಡುಕಲು ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಒಯ್ಯುವ ಕೊಳವೆ) ಮೇಲೆ ಪೆಟ್ರೋಲ್ ಸಿಂಪಡಿಸುವುದನ್ನು ಕೆಲವರು ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಸಾಬೂನು ನೀರನ್ನು ಬ್ರಷ್‌ನಲ್ಲಿ ಹಚ್ಚಿದರೆ ಸಾಕು, ಸೋರುವ ಜಾಗ ನೀರನ್ನು ಒಳಗೆಳೆದುಕೊಂಡು ಸದ್ದು ಬದಲಾಗುತ್ತದೆ.

ಕಾರ್ಬೊರೇಟರ್ ಮಾರುತಿಯಲ್ಲಿ ಸ್ಲೋ ಪೆಟ್ರೋಲನ್ನು ತಡೆದು ಬಿಡುವ ಒಂದು ಸಣ್ಣ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ಇದೆ. ಕೀ ತಿರುಗಿಸಿದಾಗ, ಎಂಜಿನ್ ಶುರುವಾಗುವ ಮೊದಲು, ಅದು ‘ಟಿಕ್’ ಎನ್ನಬೇಕು. ಅದರ ವೈರಿನ ಕನೆಕ್ಟರ್ ಸಡಿಲಾದರೆ ಐಡ್ಲಿಂಗ್ ಇದ್ದಕ್ಕಿದ್ದಂತೆ ಸಾಯುತ್ತದೆ, ಆಕ್ಸಿಲರೇಟರ್ ಒತ್ತಿದರೆ ಬದುಕುತ್ತದೆ. ಅದನ್ನು ನೋಡದೆ ಕಾರ್ಬೊರೇಟರ್ ಇಡೀ ಬಿಚ್ಚಿಸಿದವರು ಕಡಿಮೆಯಿಲ್ಲ. ಎಂಪಿಎಫ್‌ಐನಲ್ಲಿ ಇದೇ ಲಕ್ಷಣಕ್ಕೆ ಥ್ರಾಟಲ್ ಬಾಡಿಯ ಕಪ್ಪು ಜಿಡ್ಡು ಮತ್ತು ಐಡಲ್ ಕಂಟ್ರೋಲ್ ವಾಲ್ವ್ ಕಾರಣ. ಅದಕ್ಕೆಂದೇ ಬರುವ ಕ್ಲೀನರ್‌ನಿಂದ ತೊಳೆದರೆ ಹೆಚ್ಚಾಗಿ ಸರಿಹೋಗುತ್ತದೆ.

ಇಷ್ಟಾದರೂ ನಡುಕ ಉಳಿದರೆ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಹುಡುಕಿ. ಎಂಜಿನ್ ಬಂದ್ ಮಾಡಿ ಒಂದನೆಯ ಸಿಲಿಂಡರಿನ ವೈರ್ ಕಳಚಿ, ಮೇಲೆ ಹೇಳಿದಂತೆ ಎಂಜಿನ್ನಿಗೆ ಜೋಡಿಸಿದ ಹೆಚ್ಚುವರಿ ಪ್ಲಗ್‌ಗೆ ಸಿಕ್ಕಿಸಿ. ಎಂಜಿನ್ ಓಡಿಸಿ. ನಡುಕ ಹೆಚ್ಚಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ವ್ಯತ್ಯಾಸ ಕಾಣದಿದ್ದರೆ ಅದೇ ಸೋಮಾರಿ. ಹೀಗೆ ಒಂದೊಂದನ್ನೂ ನೋಡಿ, ಪ್ರತಿ ಸಲ ಕೆಲವೇ ಸೆಕೆಂಡ್. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಈ ಪರೀಕ್ಷೆಯನ್ನು ಗ್ಯಾರೇಜಿಗೆ ಬಿಡಿ. ಸೋಮಾರಿ ಸಿಲಿಂಡರ್ ಸಿಕ್ಕ ಮೇಲೆ ಅದರ ಪ್ಲಗ್ ಅನ್ನು ಪಕ್ಕದ್ದರೊಂದಿಗೆ ಅದಲುಬದಲು ಮಾಡಿ. ದೋಷ ಪ್ಲಗ್ ಜೊತೆ ಹೋದರೆ ಪ್ಲಗ್, ಅಲ್ಲೇ ಉಳಿದರೆ ಮುಂದೆ ವೈರ್, ಅದೂ ಅಲ್ಲವಾದರೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಏಳುವ ಒತ್ತಡ.

ಪ್ಲಗ್ ಬಿಚ್ಚುವಾಗ ಎಂಜಿನ್ ತಣ್ಣಗಿರಲಿ. ಮಾರುತಿಯ ಹೆಡ್ ಅಲ್ಯೂಮಿನಿಯಂ, ಕಾಯ್ದಾಗ ತಿರುಗಿಸಿದರೆ ಥ್ರೆಡ್ ಕಿತ್ತು ಬರುತ್ತದೆ. ಬಿಚ್ಚುವ ಮುನ್ನ ಸುತ್ತಲಿನ ಧೂಳನ್ನು ಊದಿ ತೆಗೆಯಿರಿ. ಹಾಕುವಾಗ ಪೂರ್ತಿ ಬೆರಳಿನಲ್ಲೇ ತಿರುಗಿಸಿ ಕೂರಿಸಿ, ಹೊಸ ವಾಷರ್ ಇದ್ದರೆ ಪಾನಾದಿಂದ ಅರ್ಧ ಸುತ್ತು ಸಾಕು. ಕಾರ್ಬೊರೇಟರ್ 800ಕ್ಕೆ ಗ್ಯಾಪ್ 0.7ರಿಂದ 0.8 ಮಿಲಿಮೀಟರ್. ತುದಿ ಬಿಸ್ಕತ್ ಬಣ್ಣ ಇದ್ದರೆ ಉರಿ ಸರಿ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿದ್ದರೆ ಗಾಳಿ ಹೆಚ್ಚು, ಎಣ್ಣೆ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ.

ಏರು, ಓವರ್‌ಟೇಕ್, ತುಂಬಿದ ಗಾಡಿ: ಎಳೆಯುವಾಗ ಮಾತ್ರ ಮಿಸ್

ಸಂಡೂರಿನ ಘಾಟಿ ಹತ್ತುವಾಗ ಕುಂಟುವ ಗಾಡಿ ಸಮತಟ್ಟಿನಲ್ಲಿ ಸರಿಯಾಗಿದ್ದರೆ ಎರಡು ದಾರಿ. ಭಾರ ಬಿದ್ದಾಗ ಸಿಲಿಂಡರ್ ಒಳಗೆ ಒತ್ತಡ ಹೆಚ್ಚಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸವೆದು ಗ್ಯಾಪ್ ದೊಡ್ಡದಾದ ಪ್ಲಗ್, ಹಳೆಯ ವೈರ್, ಬಡವಾದ ಕಾಯಿಲ್ ಆಗ ಸೋಲುತ್ತವೆ. ಇಲ್ಲವೇ ಬೇಕಾದಷ್ಟು ಪೆಟ್ರೋಲ್ ಬರುತ್ತಿಲ್ಲ.

ಪೆಟ್ರೋಲ್ ಕಡೆಯ ಮೊದಲ ಪರೀಕ್ಷೆಗೆ ದುಡ್ಡೇ ಬೇಡ. ಮಿಸ್ ಬಂದ ಕೂಡಲೇ ಬದಿಗೆ ನಿಲ್ಲಿಸಿ ಟ್ಯಾಂಕ್ ಮುಚ್ಚಳ ತೆಗೆಯಿರಿ. ‘ಸುಯ್’ ಎಂದು ಗಾಳಿ ಒಳಗೆ ಹೋದರೆ, ಆಮೇಲೆ ಹತ್ತು ಕಿಲೋಮೀಟರ್ ಸರಿಯಾಗಿ ಓಡಿದರೆ ಟ್ಯಾಂಕ್ ಉಸಿರಾಡುವ ದಾರಿ ಧೂಳಿನಿಂದ ಮುಚ್ಚಿದೆ. ನಂತರ ಪೆಟ್ರೋಲ್ ಫಿಲ್ಟರ್. ಕೆಂಪು ಪುಡಿ ಕಂಡರೆ ಟ್ಯಾಂಕ್ ಒಳಗೆ ತುಕ್ಕು, ಫಿಲ್ಟರ್ ಒಂದೇ ಬದಲಿಸಿದರೆ ತಿಂಗಳೊಳಗೆ ಮತ್ತೆ ಕಟ್ಟುತ್ತದೆ. ಏರ್ ಫಿಲ್ಟರ್‌ ಒಳಗೆ ಬಲ್ಬ್ ಹಿಡಿದು ಹೊರಗಿನಿಂದ ನೋಡಿ, ಬೆಳಕು ಬಾರದ ಕಾಗದವನ್ನು ಬದಲಿಸಿ. ಗಣಿ ಲಾರಿ ಓಡುವ ರಸ್ತೆಗಳಲ್ಲಿ, ಅಕ್ಕಿ ಗಿರಣಿ ಸುತ್ತಮುತ್ತ ಕೈಪಿಡಿ ಹೇಳಿದ ಅರ್ಧ ಅವಧಿಗೇ ಇದು ಕಟ್ಟುತ್ತದೆ. ಕಾಗದದ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆಯಬಾರದು. ಊದುವುದಾದರೆ ಒಳಗಿನಿಂದ ಹೊರಕ್ಕೆ, ಮೆಲ್ಲನೆ.

ಎಲ್‌ಪಿಜಿ ಕಿಟ್ ಇರುವ ಗಾಡಿಯವರಿಗೆ ಒಂದು ಅನುಕೂಲ: ಮಿಸ್ ಬಂದಾಗ ಇಂಧನ ಬದಲಿಸಿ. ಎರಡರಲ್ಲೂ ಮಿಸ್ ಇದ್ದರೆ ಕಿಡಿ, ಪೆಟ್ರೋಲಿನಲ್ಲಿ ಮಾತ್ರ ಇದ್ದರೆ ಪೆಟ್ರೋಲ್ ಲೈನ್. ಗ್ಯಾಸ್ ವಾಸನೆ ಬಂದರೆ ಮಾತ್ರ ಯಾವ ಪರೀಕ್ಷೆಯೂ ಬೇಡ. ಎಲ್ಲರೂ ಇಳಿದು ದೂರ ಹೋಗಿ.

ಗುಂಡಿಗೆ ಬಿದ್ದಾಗ, ತಿರುವಿನಲ್ಲಿ

ಇದು ಸಡಿಲ ವೈರ್. ಬ್ಯಾಟರಿ ಟರ್ಮಿನಲ್, ಎಂಜಿನ್ನಿನಿಂದ ಗಾಡಿಯ ಮೈಗೆ ಬರುವ ಅರ್ಥ್ (ಕರೆಂಟ್ ವಾಪಸಾಗುವ) ಪಟ್ಟಿ, ಕಾಯಿಲ್‌ನ ಎರಡು ಸಣ್ಣ ವೈರ್, ಇಗ್ನಿಷನ್ ಸ್ವಿಚ್. ಐಡ್ಲಿಂಗ್‌ನಲ್ಲಿ ಇವುಗಳ ದಪ್ಪ ಹೊದಿಕೆಯನ್ನು ಒಣ ಮರದ ಕಡ್ಡಿಯಿಂದ ಅಲುಗಿಸಿ ನೋಡಿ, ಪ್ಲಗ್ ವೈರ್ ಮುಟ್ಟಬೇಡಿ. ಕೀ ಗೊಂಚಲು ಭಾರವಾಗಿದ್ದರೆ ಕೀ ಒಂದನ್ನೇ ಹಾಕಿ ಓಡಿಸಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೈನಸ್ ಮತ್ತು ಎಂಜಿನ್ ಲೋಹದ ನಡುವೆ 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ಥ್ ಕೆಟ್ಟಿದೆ, ಬಿಚ್ಚಿ ಪಾಲಿಶ್ ಪೇಪರ್‌ನಿಂದ ಉಜ್ಜಿ ಬಿಗಿ ಮಾಡಿ.

ಪೆಟ್ರೋಲ್ ಹಾಕಿಸಿದ ಮೇಲೆ ಶುರುವಾದದ್ದು

ಇಂದಿನ ಪೆಟ್ರೋಲಿನಲ್ಲಿ 20 ಶೇಕಡಾವರೆಗೆ ಎಥನಾಲ್ ಇದೆ. ಹಳೆಯ ಗಾಡಿಯ ರಬ್ಬರ್ ಪೈಪ್, ಪಂಪ್ ಡಯಾಫ್ರಾಮ್‌ಗಳನ್ನು ಅದಕ್ಕಾಗಿ ಮಾಡಿದ್ದಲ್ಲ. ಅವು ಉಬ್ಬುತ್ತವೆ, ಮೆತ್ತಗಾಗುತ್ತವೆ. ಎಥನಾಲ್ ಟ್ಯಾಂಕ್ ತಳದ ಹಳೆಯ ಅಂಟನ್ನು ಕರಗಿಸಿ ಜೆಟ್‌ಗೆ ತರುತ್ತದೆ, ಮಿಶ್ರಣವನ್ನೂ ಸ್ವಲ್ಪ ತೆಳು ಮಾಡುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ಅದು ಗಾಳಿಯ ತೇವ ಹೀರಿ, ಮಿತಿ ಮೀರಿದಾಗ ನೀರಿನೊಂದಿಗೆ ಬೇರ್ಪಟ್ಟು ಟ್ಯಾಂಕ್ ತಳಕ್ಕೆ ಇಳಿಯುತ್ತದೆ. ಫಿಲ್ಟರಿನ ಮೊದಲಿನ ಪೈಪಿನಿಂದ 100 ಮಿಲಿಲೀಟರಿನಷ್ಟು ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು, ಬೆಂಕಿಯಿಂದ ದೂರ ನೆರಳಲ್ಲಿ ಅರ್ಧ ಗಂಟೆ ಇಡಿ. ಕೆಳಗೆ ಬೇರೆ ಪದರ ಕಂಡರೆ ಟ್ಯಾಂಕ್ ಪೂರ್ತಿ ಇಳಿಸಿ ತೊಳೆಸಬೇಕು. ಎಥನಾಲ್‌ಗೆ ತಡೆಯುವ ಪೈಪ್ ಎಂದೇ ಕೇಳಿ ಕೊಳ್ಳಿ. ಬೆವರಿದಂತೆ ಒದ್ದೆಯಾದ ಪೈಪ್ ಕಂಡರೆ ಅದೇ ದಿನ ಬದಲಿಸಿ, ಗಾಡಿಗೆ ಬೆಂಕಿ ಹತ್ತಲು ಅದೊಂದೇ ಸಾಕು.

ಇಲ್ಲಿಗೆ ನಿಲ್ಲಿಸಿ ಗ್ಯಾರೇಜಿಗೆ

ಎಂಜಿನ್ ದೀಪ ಮಿಣುಕುತ್ತಿದ್ದರೆ ಓಡಿಸಬೇಡಿ, ಅದು ಕನ್ವರ್ಟರ್ ಸುಡುವ ಮಟ್ಟದ ಮಿಸ್. ದೀಪ ಸುಮ್ಮನೆ ಉರಿಯುತ್ತಿದ್ದರೆ ಸ್ಕ್ಯಾನರ್ ಹಾಕಿಸಿ. ಪಿ0300 ಎಂದರೆ ಅಲ್ಲಲ್ಲಿ ಮಿಸ್, ಪಿ0301 ಎಂದರೆ ಒಂದನೆಯ ಸಿಲಿಂಡರ್, ಪಿ0302 ಎಂದರೆ ಎರಡನೆಯದು. ಕೋಡ್ ಎಲ್ಲಿ ಎಂದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ.

ಕೂಲಂಟ್ ಕಾರಣವಿಲ್ಲದೆ ಇಳಿಯುವುದು, ಎಣ್ಣೆ ಮುಚ್ಚಳದ ಕೆಳಗೆ ಹಾಲಿನಂಥ ನೊರೆ, ಕಾಯ್ದ ಮೇಲೂ ನಿಲ್ಲದ ಬಿಳಿ ಹೊಗೆ: ಇವು ಹೆಡ್ ಗ್ಯಾಸ್ಕೆಟ್ ಗುರುತು. ಒಳಗಿನಿಂದ ಲೋಹದ ಬಡಿತ ಕೇಳಿದರೂ, ಎಣ್ಣೆ ದೀಪ ಹತ್ತಿದರೂ ಎಂಜಿನ್ ಬಂದ್ ಮಾಡಿ ಟೋ ಮಾಡಿಸಿ. ಗ್ಯಾರೇಜಿನಲ್ಲಿ ಕಂಪ್ರೆಷನ್ ಪರೀಕ್ಷೆ ಕೇಳಿ: ಎಲ್ಲ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಪ್ರತಿ ಸಿಲಿಂಡರಿಗೆ ನಾಲ್ಕೈದು ಸುತ್ತು. ಸಿಲಿಂಡರ್‌ಗಳ ನಡುವೆ ಹತ್ತು ಹದಿನೈದು ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡೂ ಕಡಿಮೆ ಇದ್ದರೆ ನಡುವಿನ ಗ್ಯಾಸ್ಕೆಟ್. ವ್ಯಾಕ್ಯೂಮ್ ಗೇಜ್ (ಎಂಜಿನ್ ಗಾಳಿ ಎಳೆಯುವ ಬಲವನ್ನು ಪಾದರಸದ ಇಂಚಿನಲ್ಲಿ ಅಳೆಯುವ ಮೀಟರ್) ಹಾಕಿದರೆ ಒಂದು ಮಾತು ನೆನಪಿಡಿ: ಈ ಜಿಲ್ಲೆಗಳ ಊರುಗಳು ಸುಮಾರು 400ರಿಂದ 550 ಮೀಟರ್ ಎತ್ತರದಲ್ಲಿವೆ. ಪ್ರತಿ 300 ಮೀಟರಿಗೆ ಗೇಜ್ ಒಂದು ಇಂಚು ಕಡಿಮೆ ತೋರಿಸುವುದರಿಂದ, ಪುಸ್ತಕದ ಅಂಕಿಗಿಂತ ಒಂದೂವರೆ ಇಂಚು ಕಡಿಮೆ ಬಂದರೆ ಅದು ದೋಷವಲ್ಲ. ಮುಳ್ಳು ಒಂದೇ ಲಯದಲ್ಲಿ ಬಿದ್ದೇಳುತ್ತಿದ್ದರೆ ವಾಲ್ವ್ ನೋಡಿಸಿ.

ಮಿಸ್ತ್ರಿಗೆ ‘ಟ್ಯೂನಿಂಗ್ ಮಾಡಿ’ ಎನ್ನಬೇಡಿ. ನಿಮ್ಮ ನೋಟ್‌ಬುಕ್ ತೋರಿಸಿ, ಯಾವ ಪರೀಕ್ಷೆ ಮಾಡಿದಿರಿ, ಏನು ಕಂಡಿತು ಹೇಳಿ. ಬದಲಿಸಿದ ಹಳೆಯ ಸಾಮಾನನ್ನು ವಾಪಸ್ ಕೇಳಿ ಪಡೆಯಿರಿ. ರಿಪೇರಿ ಆದ ಮೇಲೆ ಗ್ಯಾರೇಜಿನ ಸುತ್ತ ಒಂದು ರೌಂಡ್ ಹೊಡೆದು ದುಡ್ಡು ಕೊಡುವುದಲ್ಲ. ಮಿಸ್ ಮಧ್ಯಾಹ್ನದ ಬಿಸಿಲಲ್ಲಿ 20 ಕಿಲೋಮೀಟರ್ ಆದ ಮೇಲೆ ಬರುತ್ತಿತ್ತೆಂದರೆ, ಅದೇ ಹೊತ್ತಿಗೆ, ಅದೇ 20 ಕಿಲೋಮೀಟರ್, ಮಿಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ನೋಡಿ.